ಒಂದೇ ಹೊಳೆ, ಎರಡು ಸಭೆ

ವಿಜ್ಞಾನ ಪಾಠ ಹೇಳುವವರಿಗೆ ಧರ್ಮಸಭೆಯಲ್ಲಿ ಏನು ಕೆಲಸ? ಈ ಪ್ರಶ್ನೆಯನ್ನು ವಿದ್ಯಾರ್ಥಿಗಳು ನೇರವಾಗಿ ಕೇಳುತ್ತಾರೆ. ಅವರ ತಂದೆತಾಯಂದಿರು ಸುತ್ತಿ ಬಳಸಿ ಕೇಳುತ್ತಾರೆ. 'ಪರೀಕ್ಷಿಸದೆ ಏನನ್ನೂ ಒಪ್ಪಬೇಡಿ ಎಂದು ಬೋರ್ಡಿನ ಮೇಲೆ ಬರೆಯುವವರು ನೀವು. ನೀವೇ ಹೋಗಿ ಅಲ್ಲಿ ಕೂತರೆ ಹೇಗೆ ಸಾರ್?' ಎಂಬುದು ಅವರ ತಕರಾರು. ತಕರಾರು ನ್ಯಾಯವಾದದ್ದೇ. ಆದರೆ ಉತ್ತರ ನಮ್ಮ ವಿಜ್ಞಾನ ಪುಸ್ತಕದಲ್ಲಿಲ್ಲ, ಪಕ್ಕದ ಸಮಾಜ ವಿಜ್ಞಾನ ಪುಸ್ತಕದಲ್ಲಿದೆ.

ಸಂವಿಧಾನದ 51-ಎ ವಿಧಿಯನ್ನು ಮಕ್ಕಳು 'ಮೂಲಭೂತ ಕರ್ತವ್ಯಗಳು' ಎಂಬ ತಲೆಬರಹದಡಿ ಬಾಯಿಪಾಠ ಮಾಡುತ್ತಾರೆ. 1976ರಲ್ಲಿ 42ನೆಯ ತಿದ್ದುಪಡಿಯ ಮೂಲಕ ಸೇರಿದ್ದು ಅದು. ವೈಜ್ಞಾನಿಕ ಮನೋಭಾವ, ಮಾನವೀಯತೆ, ಪ್ರಶ್ನಿಸುವ ಹಾಗೂ ಸುಧಾರಿಸುವ ಬುದ್ಧಿಯನ್ನು ಬೆಳೆಸಿಕೊಳ್ಳಬೇಕೆಂದು ಅಲ್ಲಿ ಹೇಳಿದೆ. ಅದೇ ಪಟ್ಟಿಯಲ್ಲಿ, ಅದಕ್ಕೆ ಮೂರೇ ಅಂಶ ಮೊದಲು, ಧರ್ಮ, ಭಾಷೆ, ಪ್ರದೇಶಗಳ ಭೇದವನ್ನು ಮೀರಿ ಸಾಮರಸ್ಯ ಮತ್ತು ಸೋದರಭಾವವನ್ನು ಬೆಳೆಸಬೇಕೆಂದೂ ಹೇಳಿದೆ. ನಾಲ್ಕು ಅಂಕದ ಪ್ರಶ್ನೆಗೆ ಎರಡನ್ನೂ ಬರೆಯುತ್ತೇವೆ. ಬದುಕಿನಲ್ಲಿ ಮಾತ್ರ ಒಂದನ್ನು ಹಿಡಿದವರು ಇನ್ನೊಂದನ್ನು ಬಿಡಬೇಕೆಂದು ತಿಳಿಯುತ್ತೇವೆ. ಎರಡನ್ನೂ ಒಟ್ಟಿಗೆ ಹಿಡಿಯಲು ಸಾಧ್ಯವೇ ಎಂದು ನೋಡಲು 2025ರ ಫೆಬ್ರವರಿಯಲ್ಲಿ ನನಗೊಂದು ಅವಕಾಶ ಸಿಕ್ಕಿತು. ಐವತ್ತು ದಾಟಿದ ಮೇಲೆ ಜೀವನದಲ್ಲಿ ಮೊದಲ ಸಲ ಒಂದು ಧರ್ಮ ಸಮ್ಮೇಳನಕ್ಕೆ ಹೋದೆ. ಒಂದಲ್ಲ, ಎರಡಕ್ಕೆ.

ನಮ್ಮ ಶಾಲೆಯಲ್ಲಿ ಗಣಿತ ಹೇಳಿ ನಿವೃತ್ತರಾದ ಮೇಷ್ಟ್ರೊಬ್ಬರಿದ್ದಾರೆ. ಹುಟ್ಟಿದ್ದು ಕೇರಳದ ಪತ್ತನಂತಿಟ್ಟ ಜಿಲ್ಲೆಯ ಕೋಳಂಚೇರಿಯ ಬಳಿ, ಬಾಳಿದ್ದು ಮೈಸೂರಿನಲ್ಲಿ. ಮಾರ್ತೋಮಾ ಸಭೆಗೆ ಸೇರಿದ ಕ್ರೈಸ್ತರು. ಅವರೂರಿನ ಮಗ್ಗುಲಲ್ಲಿ ಹರಿಯುವ ಪಂಪಾ ನದಿಯ ಮರಳಿನ ಮೇಲೆ ಪ್ರತಿ ಫೆಬ್ರವರಿಯಲ್ಲಿ ಎರಡು ದೊಡ್ಡ ಸಮ್ಮೇಳನಗಳು ಒಂದರ ಬೆನ್ನಿಗೊಂದು ನಡೆಯುತ್ತವೆ. ಒಂದು, ಚೆರುಕೋಲ್‌ಪುಳದ ಹಿಂದೂ ಧರ್ಮ ಸಮ್ಮೇಳನ, 1913ರಲ್ಲಿ ಆರಂಭವಾದದ್ದು. ಇನ್ನೊಂದು, ಅಲ್ಲಿಂದ ಕೆಲವೇ ಕಿಲೋಮೀಟರ್ ಕೆಳಗೆ ನಡೆಯುವ ಮಾರಾಮಣ್ ಕ್ರೈಸ್ತ ಸಮ್ಮೇಳನ, 1896ರಲ್ಲಿ ಆರಂಭವಾದದ್ದು. 2025ರಲ್ಲಿ ಮೊದಲನೆಯದಕ್ಕೆ 113ನೆಯ ವರ್ಷ, ಎರಡನೆಯದಕ್ಕೆ 130ನೆಯ ವರ್ಷ. 'ಶನಿವಾರ ನಿಮ್ಮವರದು ಕೇಳೋಣ, ಭಾನುವಾರ ನಮ್ಮವರದು. ಹೊಳೆ ಮಾತ್ರ ಒಂದೇ' ಎಂದರು ಗಣಿತದ ಮೇಷ್ಟ್ರು. ಅವರು, ಅವರ ಶ್ರೀಮತಿ, ನಾನು, ನನ್ನ ಹೆಂಡತಿ, ಕಾರಿನಲ್ಲಿ ಐದನೆಯ ಜಾಗಕ್ಕೆ ನನ್ನ ತಂಗಿಯ ಮಗ ಎಂದು ತೀರ್ಮಾನವಾಯಿತು.

ಹುಡುಗನಿಗೆ ಎಂಟನೆಯ ತರಗತಿ. ತಂಗಿ ಒಡನೆ ಒಪ್ಪಲಿಲ್ಲ. 'ಪರೀಕ್ಷೆ ಹತ್ತಿರ ಬಂತಲ್ಲ ಅಣ್ಣ' ಎಂದಳು ಮೊದಲು. ಶುಕ್ರವಾರ, ಸೋಮವಾರ ಎರಡೇ ದಿನದ ರಜೆ ಎಂದಾಗ ಮನಸ್ಸಿನಲ್ಲಿದ್ದದ್ದು ಹೊರಗೆ ಬಂತು. 'ಅಲ್ಲಣ್ಣ, ಅದು ಅವರ ಸಭೆ. ಇವನು ಇನ್ನೂ ಚಿಕ್ಕವನು. ಏನೇನೋ ಕೇಳಿಸಿಕೊಂಡು ಬಂದು ನಾಳೆ ದೇವರ ಮನೆಗೇ ಬರುವುದಿಲ್ಲ ಎಂದರೆ?' ತಾಯಿಯ ಈ ಅಂಜಿಕೆಯನ್ನು ನಾನು ಹಗುರವಾಗಿ ಕಾಣಲಾರೆ. ಅದು ದ್ವೇಷವಲ್ಲ, ಕಾಳಜಿ. ಈ ಅಂಕಣ ಓದುವ ಅನೇಕ ತಂದೆತಾಯಂದಿರಲ್ಲಿ ಅದು ಇದ್ದೇ ಇರುತ್ತದೆ. ನಾನು ಹೇಳಿದ್ದು ಇಷ್ಟು: 'ನೀನು ಕಲಿಸಿದ್ದು ಗಟ್ಟಿಯಾಗಿದ್ದರೆ ಮೂರು ದಿನ ಬೇರೆ ಮಾತು ಕೇಳಿದ್ದಕ್ಕೆ ಅಳಿಸಿಹೋಗುವುದಿಲ್ಲ. ಅವನು ಏನು ಕೇಳಿದರೂ ನಾನು ಮುಚ್ಚಿಡದೆ ಉತ್ತರ ಹೇಳುತ್ತೇನೆ. ಬಂದ ಮೇಲೆ ನೀನೂ ಕೇಳು.' ಭಾವನವರು ನಕ್ಕು, 'ಗಣಿತದ ಪುಸ್ತಕ ಜೊತೆಗಿರಲಿ' ಎಂದು ಷರತ್ತು ಹಾಕಿ ಕಳುಹಿಸಿದರು.

ಇಪ್ಪತ್ತೇಳು ತಿರುವುಗಳ ಪಾಠ

ಮೈಸೂರಿನಿಂದ ಅಲ್ಲಿಗೆ ಹೆಚ್ಚು ಕಡಿಮೆ 500 ಕಿಲೋಮೀಟರ್. ಚಾಮರಾಜನಗರ, ದಿಂಬಂ ಘಾಟಿ, ಸತ್ಯಮಂಗಲ, ಕೊಯಮತ್ತೂರು, ಪಾಲಕ್ಕಾಡ್, ತ್ರಿಶ್ಶೂರು. ಆಮೇಲೆ ಅಂಗಮಾಲಿಯಿಂದ ಎಂ.ಸಿ. ರಸ್ತೆ ಹಿಡಿದು ಕೊಟ್ಟಾಯಂ, ತಿರುವಲ್ಲಾ. ದಿಂಬಂ ದಾರಿ ಹುಲಿ ಸಂರಕ್ಷಿತ ಅರಣ್ಯದೊಳಗೆ ಹಾದುಹೋಗುವುದರಿಂದ ರಾತ್ರಿ ವಾಹನಗಳಿಗೆ ಪ್ರವೇಶವಿಲ್ಲ. ಬೆಳಗಾದ ಮೇಲೆ ಗೇಟು ತೆರೆಯುವ ಹೊತ್ತಿಗೆ ಸರಿಯಾಗಿ ಅಲ್ಲಿರುವಂತೆ ಹೊರಟೆವು.

ಘಾಟಿಯಲ್ಲಿ 27 ಕಡಿದಾದ ತಿರುವುಗಳು. ಇಳಿಯುವಾಗ ಚಾಲಕರು ಎರಡನೆಯ ಗೇರಿಗೆ ಹಾಕಿ, ಬ್ರೇಕನ್ನು ಆಗಾಗ ಮಾತ್ರ ಮುಟ್ಟುತ್ತಿದ್ದರು. 'ಸುಮ್ಮನೆ ಬ್ರೇಕ್ ಹಿಡಿದೇ ಇಳಿಯಬಹುದಲ್ಲ ಮಾವ?' ಎಂದ ಹುಡುಗ. ಗಣಿತದ ಮೇಷ್ಟ್ರು ಸುಮ್ಮನಿರುವವರೇ? ಕೂಡಲೇ ಲೆಕ್ಕ ಹಾಕಿಸಿದರು. ಜನ, ಸಾಮಾನು ಸೇರಿ ಕಾರಿನ ತೂಕ 1500 ಕೆ.ಜಿ. ಎನ್ನಿ. ಇಳಿಯುವ ಎತ್ತರ 700 ಮೀಟರ್ ಎನ್ನಿ. ಗುರುತ್ವ ವೇಗೋತ್ಕರ್ಷವನ್ನು 10 ಎಂದು ಹಿಡಿದರೆ, ಕಳೆದುಕೊಳ್ಳುವ ಸ್ಥಿತಿಶಕ್ತಿ 1 ಕೋಟಿ 5 ಲಕ್ಷ ಜೂಲ್. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ತರಲು ಬೇಕಾದದ್ದು ಸುಮಾರು 3 ಲಕ್ಷ 15 ಸಾವಿರ ಜೂಲ್. ಅಂದರೆ ಕಾರು ಬೆಟ್ಟ ಇಳಿಯುವಾಗ ಹೊರಬೀಳುವ ಶಕ್ತಿ 33 ಲೀಟರ್ ನೀರನ್ನು, ಎಂದರೆ ಎರಡು ಕೊಡದಷ್ಟು ನೀರನ್ನು, ಕುದಿಸಬಲ್ಲದು! ಅಷ್ಟೂ ಶಾಖವನ್ನು ನಾಲ್ಕು ಚಕ್ರಗಳ ಬ್ರೇಕುಗಳ ಮೇಲೆಯೇ ಹೇರಿದರೆ ಅವು ಕಾದು ಹಿಡಿತ ಕಳೆದುಕೊಳ್ಳುತ್ತವೆ. ಕೆಳಗಿನ ಗೇರಿನಲ್ಲಿದ್ದರೆ ಇಂಜಿನ್ನೇ ಗಾಡಿಯನ್ನು ಹಿಡಿದು, ಆ ಭಾರದ ಬಹುಪಾಲನ್ನು ಹೊರುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂದು ಹಳೆಯ ಲಾರಿ ಚಾಲಕರು ಹೇಳುವುದರ ಒಳಗುಟ್ಟು ಇದು. ಗಣಿತದ ಪುಸ್ತಕ ಚೀಲದಿಂದ ಹೊರಗೆ ಬರಲೇ ಇಲ್ಲ, ಪಾಠ ಮಾತ್ರ ಆಯಿತು.

ಕೊಯಮತ್ತೂರು ದಾಟಿದರೆ ಇನ್ನೊಂದು ಪಾಠ. ಗುಜರಾತಿನ ಅಂಚಿನಿಂದ ಕನ್ಯಾಕುಮಾರಿಯ ಬಳಿಯವರೆಗೆ ಗೋಡೆಯಂತೆ ನಿಂತ ಪಶ್ಚಿಮಘಟ್ಟ ಪಾಲಕ್ಕಾಡಿನಲ್ಲಿ ಸುಮಾರು 30ರಿಂದ 40 ಕಿಲೋಮೀಟರ್ ಅಗಲದ ಬಾಗಿಲು ತೆರೆದಿದೆ. ಘಾಟಿಯನ್ನೇ ಹತ್ತದೆ ಕೇರಳಕ್ಕೆ ಕಾಲಿಡಬಹುದು. ಫೆಬ್ರವರಿಯಲ್ಲಿ ಆ ಬಾಗಿಲಿನ ಮೂಲಕ ಪೂರ್ವದ ಒಣಗಾಳಿ ಬೀಸುತ್ತದೆ. ಕಾರಿನ ಕಿಟಕಿ ಇಳಿಸಿದರೆ ತುಟಿ ಒಣಗುತ್ತದೆ. ಮುಂದೆ ಕುದಿರಾನ್ ಬೆಟ್ಟದೊಳಗೆ ಸುರಂಗ. 2021ರಲ್ಲಿ ಅದರ ಮೊದಲ ಕೊಳವೆ ತೆರೆದ ಮೇಲೆ, ಅಲ್ಲಿ ಮೊದಲು ಗಂಟೆಗಟ್ಟಲೆ ನಿಲ್ಲುತ್ತಿದ್ದ ವಾಹನಗಳು ಈಗ ಕೆಲವೇ ನಿಮಿಷಗಳಲ್ಲಿ ಆಚೆ ಸೇರುತ್ತವೆ.

ಎಂ.ಸಿ. ರಸ್ತೆಯಲ್ಲಿ ಮಾತ್ರ ವೇಗದ ಆಸೆ ಬಿಡಬೇಕು. ಊರು ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ಊರು. ಎರಡು ಬದಿಗೂ ಮನೆ, ಅಂಗಡಿ, ರಬ್ಬರ್ ತೋಟ, ಚರ್ಚು, ದೇವಸ್ಥಾನ, ಮಸೀದಿ. ಕೋಳಂಚೇರಿ ಸೇರಿದಾಗ ರಾತ್ರಿ ಎಂಟೂವರೆ. ಮೇಷ್ಟ್ರ ಅಣ್ಣನ ಮನೆಯಲ್ಲಿ ಕುಚ್ಚಲಕ್ಕಿ ಗಂಜಿ, ಹೆಸರುಕಾಳಿನ ಪಲ್ಯ, ಹಪ್ಪಳ. ನಾವು ಸಸ್ಯಾಹಾರಿಗಳೆಂದು ಆ ಮೂರು ದಿನ ಮನೆಮಂದಿಯೆಲ್ಲ ಅದನ್ನೇ ಉಂಡರು. ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಮೂರನೆಯ ದಿನ ನನ್ನ ಹೆಂಡತಿ ಅದನ್ನು ಗಮನಿಸಿ ನನಗೆ ಹೇಳಿದಳು.

ಚೆರುಕೋಲ್‌ಪುಳದ ಶನಿವಾರ

'ಪುಳ' ಎಂದರೆ ಬೇರೇನಲ್ಲ, ನಮ್ಮ 'ಹೊಳೆ'ಯೇ. ಹಳಗನ್ನಡದಲ್ಲಿ ನಾವೂ 'ಪೊಳೆ' ಎನ್ನುತ್ತಿದ್ದೆವು. ಪಂಪಾ ಎಂಬ ಹೆಸರೂ ನಮಗೆ ಹೊಸದಲ್ಲ. ತುಂಗಭದ್ರೆಯ ಹಳೆಯ ಹೆಸರು ಅದು. ಹಂಪಿ ಎಂಬ ಹೆಸರು ಬಂದದ್ದೂ ಅದರಿಂದಲೇ. ಕೇರಳದ ಪಂಪಾ ಶಬರಿಮಲೆಯ ತಪ್ಪಲಲ್ಲಿ ಹರಿದು ಬರುವ 176 ಕಿಲೋಮೀಟರ್ ಉದ್ದದ ನದಿ. ಆ ರಾಜ್ಯದಲ್ಲಿ ಉದ್ದದಲ್ಲಿ ಮೂರನೆಯದು. ಮಾಲೆ ಹಾಕಿ ಶಬರಿಮಲೆಗೆ ಹೋಗುವ ನಮ್ಮ ಸಾವಿರಾರು ಮಂದಿ ಮಿಂದು ಏಳುವ ನೀರೇ ಎರಡೂ ಸಮ್ಮೇಳನಗಳ ಮಗ್ಗುಲಲ್ಲಿ ಹರಿದು, ಕುಟ್ಟನಾಡಿನ ಗದ್ದೆಗಳನ್ನು ಹಾದು ವೆಂಬನಾಡ್ ಸರೋವರ ಸೇರುತ್ತದೆ.

ಚೆರುಕೋಲ್‌ಪುಳದಲ್ಲಿ ಸಮ್ಮೇಳನದ ಜಾಗಕ್ಕೆ ವಿದ್ಯಾಧಿರಾಜ ನಗರ ಎಂದು ಹೆಸರು. ವಿದ್ಯಾಧಿರಾಜ ಎಂಬುದು ಚಟ್ಟಂಬಿ ಸ್ವಾಮಿಗಳ ಬಿರುದು. 1853ರಿಂದ 1924ರವರೆಗೆ ಬಾಳಿದ ಅವರು ನಾರಾಯಣ ಗುರುಗಳ ಒಡನಾಡಿ, ಜಾತಿಯ ಕಟ್ಟುಪಾಡುಗಳನ್ನು ಪ್ರಶ್ನಿಸಿದವರು. ವೇದ ಓದುವ ಅಧಿಕಾರ ಕೆಲವರಿಗೆ ಮಾತ್ರ ಎಂಬ ಮಾತನ್ನು ಒಪ್ಪದೆ, ಅದನ್ನು ಅಲ್ಲಗಳೆದು ಪುಸ್ತಕವನ್ನೇ ಬರೆದವರು. ಧರ್ಮಸಭೆ ಎಂದರೆ ಹಳೆಯದನ್ನು ಹೊಗಳುವ ಜಾಗ ಎಂದುಕೊಂಡು ಹೋಗಿದ್ದ ನನಗೆ, ಆ ಜಾಗ ಪ್ರಶ್ನೆ ಕೇಳಿದವರೊಬ್ಬರ ಹೆಸರನ್ನು ಹೊತ್ತಿದೆ ಎಂಬುದು ಮೊದಲ ಅಚ್ಚರಿ.

ಬಯಲಿನಂತಹ ಚಪ್ಪರ. ಮುಂದೆ ವಯಸ್ಸಾದವರು, ಹಿಂದೆ ಸಂಸಾರವಂದಿಗರು. ಭಜನೆ, ಬಳಿಕ ಉಪನ್ಯಾಸ. ಮಲಯಾಳಂ ಗೊತ್ತಿಲ್ಲದಿದ್ದರೂ ಸಂಸ್ಕೃತ ಶಬ್ದಗಳನ್ನು ಹಿಡಿದು ಅರ್ಧದಷ್ಟು ಮಾತನ್ನು ಊಹಿಸಿಕೊಳ್ಳಬಹುದಿತ್ತು. ಉಳಿದರ್ಧವನ್ನು ಪಕ್ಕದಲ್ಲಿ ಕೂತು ಮೆಲ್ಲಗೆ ಕನ್ನಡಕ್ಕೆ ತರುತ್ತಿದ್ದವರು ಯಾರು? ನಮ್ಮ ಕ್ರೈಸ್ತ ಗಣಿತದ ಮೇಷ್ಟ್ರು! ಉಪನಿಷತ್ತಿನ ಮಾತೊಂದನ್ನು ಕನ್ನಡದಲ್ಲಿ ನಿಖರವಾಗಿ ಹೇಳಲು ಶಬ್ದ ಸಿಗದೆ ಅವರು ತಡಕಾಡಿದಾಗ ಹಿಂದಿನ ಸಾಲಿನ ಮುದುಕರೊಬ್ಬರು ಬಾಗಿ ಇಂಗ್ಲಿಷಿನಲ್ಲಿ ನೆರವಾದರು. ಆ ಮುದುಕರು ಪ್ರತಿ ವರ್ಷ ಇಲ್ಲಿ ಮುಗಿಸಿಕೊಂಡು ಮಾರಾಮಣ್‌ಗೂ ಒಂದು ದಿನ ಹೋಗುವವರಂತೆ. 'ಒಳ್ಳೆಯ ಭಾಷಣ ಎಲ್ಲಿದ್ದರೂ ಕೇಳಬೇಕು' ಎಂದರು.

ಮಾರಾಮಣ್‌ನ ಭಾನುವಾರ

ಮಾರಾಮಣ್ ಸಮ್ಮೇಳನ ನಡೆಸುವುದು ಮಾರ್ತೋಮಾ ಸಭೆಯ ಸುವಾರ್ತಾ ಪ್ರಸಂಗ ಸಂಘ. 1888ರಲ್ಲಿ ಹನ್ನೆರಡು ಮಂದಿ ಸೇರಿ ಅದನ್ನು ಕಟ್ಟಿದರು. ಮಾರಾಮಣ್ ಊರಿನ ಹೆಸರು ಅದಕ್ಕೂ ಮೊದಲೇ ಪ್ರಸಿದ್ಧ. ಅಬ್ರಹಾಂ ಮಲ್ಪಾನ್ ಎಂಬ ಪಾದ್ರಿಗಳು ಅಲ್ಲಿಯವರು. 1830ರ ದಶಕದಲ್ಲಿ ಅವರು ಮಾಡಿದ ಮುಖ್ಯ ಸುಧಾರಣೆಗಳಲ್ಲೊಂದು, ಜನಕ್ಕೆ ಅರ್ಥವಾಗದ ಸುರಿಯಾನಿ ಭಾಷೆಯಲ್ಲಿದ್ದ ಆರಾಧನೆಯನ್ನು ಮಲಯಾಳಂನಲ್ಲಿ ನಡೆಸಿದ್ದು. ಇದನ್ನು ಕೇಳಿದ ಹುಡುಗ 'ನಮ್ಮ ವಚನಕಾರರ ಹಾಗೆ' ಎಂದ. ಹೌದು, ಆಳುವವರದೋ ಅರ್ಚಕರದೋ ಆಗಿದ್ದ ಭಾಷೆಯಿಂದ ದೇವರ ಮಾತನ್ನು ಬೀದಿಯ ಭಾಷೆಗೆ ತಂದ ಕೆಲಸ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಧರ್ಮದಲ್ಲಿ ನಡೆದಿದೆ. ಪಠ್ಯದಲ್ಲಿ ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆ ಗುರುತು ಹಿಡಿದರೆ ಅದೇ ವಿದ್ಯೆ.

ತೆಂಗಿನ ಗರಿ ಹೊದಿಸಿದ ವಿಶಾಲ ಚಪ್ಪರ, ಕೆಳಗೆ ನದಿಯ ಮರಳು. ಸಹಸ್ರಾರು ಜನ ಮರಳಿನ ಮೇಲೆಯೇ ಕೂರುತ್ತಾರೆ. ಮಧ್ಯಾಹ್ನದ ಬಿಸಿಲಿನಲ್ಲಿ ಚಪ್ಪರದ ಹೊರಗಿನ ಮರಳು ಕಾಲಿಡಲಾಗದಷ್ಟು ಸುಡುತ್ತಿತ್ತು. ಸಂಜೆ ಹಿಂತಿರುಗುವಾಗ ಅದೇ ಮರಳು ತಂಪು. ಮರಳಿನ ವಿಶಿಷ್ಟೋಷ್ಣ ನೀರಿನದರ ಸುಮಾರು ಐದನೆಯ ಒಂದು ಭಾಗ ಮಾತ್ರ. ಬೇಗ ಕಾಯುತ್ತದೆ, ಬೇಗ ಆರುತ್ತದೆ. ನೀರು ಮಾತ್ರ ಬೆಳಗಿನಿಂದ ಸಂಜೆಯವರೆಗೆ ಹೆಚ್ಚು ಕಡಿಮೆ ಒಂದೇ ಹದದಲ್ಲಿತ್ತು. ಕಡಲ್ಗಾಳಿ, ನೆಲಗಾಳಿಯ ಪಾಠವನ್ನು ಹುಡುಗ ಅಂಗಾಲಿನಿಂದ ಕಲಿತ.

ಕೀರ್ತನೆ ಆರಂಭವಾದಾಗ ನನ್ನ ಹೆಂಡತಿ ಕಿವಿಗೊಟ್ಟು 'ಇದು ಶಂಕರಾಭರಣವಲ್ಲವೇ?' ಎಂದು ಕೇಳಿದಳು. ಮಲಯಾಳಂನ ಅನೇಕ ಕ್ರೈಸ್ತ ಕೀರ್ತನೆಗಳನ್ನು ಕರ್ನಾಟಕ ಸಂಗೀತದ ರಾಗ ತಾಳಗಳಲ್ಲೇ ಕಟ್ಟಿದ್ದಾರೆಂದು ಮೇಷ್ಟ್ರ ಶ್ರೀಮತಿ ವಿವರಿಸಿದರು. ಆಮೇಲೆ ಇಬ್ಬರೂ ಸಣ್ಣಗೆ ತಾಳ ಹಾಕುತ್ತ ಕೂತರು.

ಧ್ವನಿವರ್ಧಕ ಬರುವ ಮುಂಚೆ ಇಷ್ಟು ಜನಕ್ಕೆ ಮಾತು ಕೇಳಿಸುತ್ತಿದ್ದದ್ದು ಹೇಗೆ? ದೊಡ್ಡ ಗಂಟಲಿನವರು ಚಪ್ಪರದ ನಡುನಡುವೆ ನಿಂತು, ಉಪದೇಶಕರು ಹೇಳಿದ್ದನ್ನು ಒಬ್ಬರಿಂದೊಬ್ಬರು ಕೇಳಿ ಹಿಂದಿನವರಿಗೆ ಕೂಗಿ ದಾಟಿಸುತ್ತಿದ್ದರೆಂದು ಮೇಷ್ಟ್ರ ಅಜ್ಜ ಹೇಳುತ್ತಿದ್ದರಂತೆ. ವಿಜ್ಞಾನ ಇದನ್ನು ಒಪ್ಪುತ್ತದೆ. ಬಯಲಿನಲ್ಲಿ ದೂರ ಎರಡರಷ್ಟಾದರೆ ಶಬ್ದದ ತೀವ್ರತೆ ನಾಲ್ಕನೆಯ ಒಂದಕ್ಕೆ, ಅಂದರೆ 6 ಡೆಸಿಬಲ್‌ನಷ್ಟು, ಇಳಿಯುತ್ತದೆ. ಒಂದು ಮೀಟರ್ ದೂರದಲ್ಲಿ 70 ಡೆಸಿಬಲ್ ಇದ್ದ ದನಿ 64 ಮೀಟರ್ ದೂರ ಹೋಗುವಷ್ಟರಲ್ಲಿ 34ಕ್ಕೆ ಬರುತ್ತದೆ, ಅದು ಪಿಸುಮಾತು. ಮಕ್ಕಳ ಅಳು, ಬೀಸಣಿಗೆಯ ಸದ್ದಿನಲ್ಲಿ ಅದು ಮುಳುಗಿಹೋಗುತ್ತದೆ. ಇನ್ನೊಂದು ಗಮನಿಸಬೇಕಾದ ಸಂಗತಿ: ಅಷ್ಟು ದೊಡ್ಡ ಚಪ್ಪರದಲ್ಲಿ ಪ್ರತಿಧ್ವನಿಯ ಕಾಟವೇ ಇಲ್ಲ. ನಮ್ಮ ಕಾಂಕ್ರೀಟ್ ಕಲ್ಯಾಣ ಮಂಟಪಗಳಲ್ಲಿ ಮೈಕಿನ ಮಾತು ಗೊಜ್ಜಾಗುವುದು ನಿಮಗೆ ಗೊತ್ತು. ಗರಿ, ಮರಳು, ಮನುಷ್ಯರ ಬಟ್ಟೆ, ಈ ಮೂರೂ ಶಬ್ದವನ್ನು ಹೀರಿಕೊಳ್ಳುತ್ತವೆ. ಯಾವ ವಾಸ್ತುಶಿಲ್ಪಿಯೂ ನಕ್ಷೆ ಹಾಕದ ಸಭಾಂಗಣ ಅದು.

ಪ್ರಾರ್ಥನೆಗೆ ಎಲ್ಲರೂ ಎದ್ದಾಗ ಹುಡುಗ ನನ್ನ ತೋಳು ಹಿಡಿದ. 'ಮಾವ, ನಾನೇನು ಮಾಡಲಿ?' ತಂಗಿಯ ಮುಖ ಕಣ್ಣ ಮುಂದೆ ಬಂತು. 'ಎದ್ದು ನಿಲ್ಲು. ಅದು ಮರ್ಯಾದೆ. ಕಣ್ಣು ಮುಚ್ಚಬೇಕೆನಿಸಿದರೆ ಮುಚ್ಚು, ಇಲ್ಲದಿದ್ದರೆ ಬಿಡು. ನಿನಗೆ ಬಾರದ ಮಾತನ್ನು ಬಾಯಲ್ಲಿ ಆಡಬೇಕಾಗಿಲ್ಲ' ಎಂದೆ. ಗಣಿತದ ಮೇಷ್ಟ್ರಿಗೂ ಅದು ಕೇಳಿಸಿತು. 'ಸರಿಯಾಗಿ ಹೇಳಿದಿರಿ ಮೇಷ್ಟ್ರೇ. ನಿಮ್ಮ ಶಾಲೆಯ ಸರಸ್ವತಿ ಪೂಜೆಯಲ್ಲಿ ನಾನು ಮೂವತ್ತು ವರ್ಷ ಮಾಡಿದ್ದು ಅದನ್ನೇ' ಎಂದರು. ಅಷ್ಟು ವರ್ಷ ಪಕ್ಕದಲ್ಲೇ ನಿಂತಿದ್ದರೂ ಅವರು ಹಾಗೆ ನಿಲ್ಲುವುದರ ಹಿಂದೆ ಒಂದು ತೀರ್ಮಾನವಿತ್ತೆಂದು ನನಗೆ ತಿಳಿದದ್ದು ಆ ಮರಳಿನ ಮೇಲೆ.

ಈ ವೇದಿಕೆಗೆ ನಮ್ಮ ನಾಡಿನ ನಂಟೂ ಉಂಟು. ಮಾರ್ತೋಮಾ ಸಭೆಯ ಮುಖ್ಯಸ್ಥರಾಗಿದ್ದ ಫಿಲಿಪೋಸ್ ಮಾರ್ ಕ್ರಿಸೋಸ್ಟಮ್ ತರುಣರಾಗಿದ್ದಾಗ ನಮ್ಮ ಅಂಕೋಲೆಯಲ್ಲಿ ಸೇವೆ ಮಾಡಿದವರು, ಬೆಂಗಳೂರಿನಲ್ಲಿ ದೇವಶಾಸ್ತ್ರ ಓದಿದವರು. ಕೇರಳದಲ್ಲಿ ಎಲ್ಲ ಧರ್ಮದವರನ್ನೂ ನಗಿಸಿದ ಹಾಸ್ಯಪ್ರಜ್ಞೆ ಅವರದು. 2018ರಲ್ಲಿ ಪದ್ಮಭೂಷಣ ಪಡೆದು, 2021ರಲ್ಲಿ 103ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅಮೆರಿಕದ ಇ. ಸ್ಟ್ಯಾನ್ಲಿ ಜೋನ್ಸ್ ಅವರೂ ಹಲವು ದಶಕ ಇಲ್ಲಿ ಮಾತನಾಡಿದವರು. ಗಾಂಧೀಜಿಯ ಗೆಳೆಯರಾಗಿದ್ದ ಅವರು 1948ರಲ್ಲಿ ಗಾಂಧೀಜಿಯ ಬಗ್ಗೆ ಬರೆದ ಪುಸ್ತಕವನ್ನು ಮುಂದೆ ಮಾರ್ಟಿನ್ ಲೂಥರ್ ಕಿಂಗ್ ಓದಿ ಮೆಚ್ಚಿದರು. ಮಾತು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ನೋಡಿ.

ಕನ್ನಡಿ ಮತ್ತು ಪೆನ್ಸಿಲ್

ಸೋಮವಾರ ಹೊರಡುವ ಮುಂಚೆ ಸಮೀಪದ ಆರನ್ಮುಳಕ್ಕೆ ಹೋದೆವು. ಪಾರ್ಥಸಾರಥಿ ದೇವಸ್ಥಾನ ಮತ್ತು ಹಾವುದೋಣಿಗಳಿಗೆ ಹೆಸರಾದ ಈ ಊರಿನ ಇನ್ನೊಂದು ಹೆಮ್ಮೆ 'ಆರನ್ಮುಳ ಕಣ್ಣಾಡಿ'. ಅದೂ ನಮ್ಮ ಕನ್ನಡಿಯೇ, ಆದರೆ ಗಾಜಿನದಲ್ಲ, ಲೋಹದ್ದು. ತಾಮ್ರ ಮತ್ತು ತವರ ಬೆರೆಸಿ ಎರಕ ಹೊಯ್ದು, ದಿನಗಟ್ಟಲೆ ಕೈಯಿಂದ ಉಜ್ಜಿ ಹೊಳಪು ತರುತ್ತಾರೆ. ಇದರಲ್ಲಿ ತವರ ಸುಮಾರು ಮೂರನೆಯ ಒಂದು ಪಾಲು. ಗಂಟೆಯ ಕಂಚಿನಲ್ಲಿರುವುದಕ್ಕಿಂತ ಬಹಳ ಹೆಚ್ಚು. ಹಾಗಾಗಿ ಅಪಾರ ಗಟ್ಟಿ, ಅಷ್ಟೇ ಪೆಡಸು. ಕೈಜಾರಿದರೆ ಗಾಜಿನಂತೆ ಒಡೆಯುತ್ತದೆ. ಸರಿಯಾದ ಬೆರಕೆಯ ಪ್ರಮಾಣ ಕೆಲವೇ ಮನೆತನಗಳಿಗೆ ಗೊತ್ತು.

ಮನೆಯ ಕನ್ನಡಿಗೆ ಪೆನ್ಸಿಲಿನ ತುದಿ ತಾಗಿಸಿ ನೋಡಿ. ತುದಿಗೂ ಅದರ ಬಿಂಬಕ್ಕೂ ನಡುವೆ ಸಣ್ಣ ಅಂತರ ಕಾಣುತ್ತದೆ. ಪ್ರತಿಫಲಿಸುವ ಲೇಪ ಗಾಜಿನ ಹಿಂಬದಿಗಿರುವುದೇ ಕಾರಣ. ಆರನ್ಮುಳದ ಕನ್ನಡಿಯಲ್ಲಿ ಮೇಲ್ಮೈಯೇ ಪ್ರತಿಫಲಿಸುವುದರಿಂದ ತುದಿಗೆ ತುದಿ ತಾಗುತ್ತದೆ. ದೂರದರ್ಶಕಗಳಲ್ಲಿ ಬಳಸುವ ಕನ್ನಡಿಗಳೂ ಹೀಗೆಯೇ, ಮುಂದಿನ ಮೈಯಿಂದ ಪ್ರತಿಫಲಿಸುವಂಥವು. ಹುಡುಗ ಅಲ್ಲಿ ಹತ್ತು ನಿಮಿಷ ಪೆನ್ಸಿಲ್ ಹಿಡಿದು ಕೂತ. ಅಂಗಡಿಯವರು ಬೇಸರಿಸಲಿಲ್ಲ. 2018ರ ಆಗಸ್ಟ್ ಪ್ರವಾಹದಲ್ಲಿ ಪಂಪಾ ಉಕ್ಕಿ ಈ ಕುಶಲಕರ್ಮಿಗಳ ಕುಲುಮೆಗಳಿಗೆ ನೀರು ನುಗ್ಗಿ, ಅಚ್ಚುಗಳು ಹಾಳಾಗಿದ್ದವು. ಮತ್ತೆ ಮೊದಲಿನಿಂದ ಆರಂಭಿಸಿದವರು ಅವರು.

ಕೆಳಗಿಳಿದ ಹೊಳೆ

ಭಾನುವಾರ ಸಂಜೆ ಸಭೆ ಮುಗಿದ ಮೇಲೆ ಮೇಷ್ಟ್ರು ನಮ್ಮನ್ನು ತಮ್ಮ ಮನೆತನದ ಸ್ನಾನಘಟ್ಟಕ್ಕೆ ಕರೆದೊಯ್ದಿದ್ದರು. ಕಲ್ಲಿನ ಮೆಟ್ಟಿಲುಗಳು. ಕೊನೆಯ ಮೆಟ್ಟಿಲಿನಿಂದ ಕೆಳಗೆ ನೀರಿಗೆ ಒಂದಾಳಿನಷ್ಟು ಇಳಿಜಾರು. 'ನಾನು ಹುಡುಗನಾಗಿದ್ದಾಗ ಈ ಕೊನೆಯ ಮೆಟ್ಟಿಲಿನಿಂದ ನೇರ ಮರಳಿಗೆ ಕಾಲಿಡುತ್ತಿದ್ದೆವು' ಎಂದರು. ಮತ್ತೇನೂ ಹೇಳಲಿಲ್ಲ.

ಆ ಒಂದಾಳಿನಷ್ಟು ಮರಳು ಎಲ್ಲಿ ಹೋಯಿತು? ಮನೆಗಳ ಗೋಡೆಗೆ, ತಾರಸಿಗೆ ಹೋಯಿತು. ದಶಕಗಟ್ಟಲೆ ನದಿಯಿಂದ ಎತ್ತಿದ ಮರಳು ಬೆಟ್ಟದಿಂದ ಬಂದು ತುಂಬುವ ಮರಳಿಗಿಂತ ಬಹಳ ಹೆಚ್ಚು. ಇದನ್ನು ತಡೆಯಲೆಂದೇ ಕೇರಳ 2001ರಲ್ಲಿ ಕಾಯಿದೆ ತಂದಿತು. ಮೇಲೆ 1960ರ ದಶಕದಲ್ಲಿ ಕಟ್ಟಿದ ಶಬರಿಗಿರಿ ಯೋಜನೆಯ ಅಣೆಕಟ್ಟುಗಳೂ ಇವೆ. ಅಣೆಕಟ್ಟು ನೀರನ್ನು ಬಿಡುತ್ತದೆ, ಮರಳನ್ನು ಬಿಡುವುದಿಲ್ಲ.

ಮರಳು ಹೋದರೆ ಏನಾಯಿತು, ನೀರಿದೆಯಲ್ಲ ಎನ್ನಬೇಡಿ. ಮರಳಿನ ಕಣಗಳ ನಡುವೆ ಸಂದು ಇರುತ್ತದೆ. ಒಂದು ಘನ ಮೀಟರ್ ಮರಳು ಸುಮಾರು 300 ಲೀಟರ್ ನೀರನ್ನು ಹಿಡಿದಿಡಬಲ್ಲದು. ಮಳೆಗಾಲದಲ್ಲಿ ಕುಡಿದು ಬೇಸಿಗೆಯಲ್ಲಿ ಮೆಲ್ಲಗೆ ಬಿಡುವ ತೊಟ್ಟಿ ಅದು. ಜೊತೆಗೆ, ನದಿಯ ತಳ ಇಳಿದರೆ ದಡದ ಬಾವಿಗಳ ನೀರೂ ಇಳಿಯುತ್ತದೆ. ಏಕೆಂದರೆ ಭೂಮಿಯೊಳಗೆ ಎರಡೂ ಒಂದೇ ಮಟ್ಟಕ್ಕೆ ಬರಲು ನೋಡುತ್ತವೆ. ಸಮುದ್ರದ ಕಡೆಯಿಂದ ಉಪ್ಪುನೀರು ಒಳಕ್ಕೆ ಬರುವುದೂ ಸುಲಭವಾಗುತ್ತದೆ. ಇದು ಪಂಪೆಯ ಕಥೆ ಮಾತ್ರವಲ್ಲ. ಕಾವೇರಿ, ತುಂಗಭದ್ರಾ, ನೇತ್ರಾವತಿಗಳ ದಡದಲ್ಲಿರುವ ನಮ್ಮ ಮಕ್ಕಳು ತಮ್ಮ ಅಜ್ಜ ಅಜ್ಜಿಯರನ್ನು ಕೇಳಿದರೆ ಅಂಥದೇ ಒಂದು ಕೊನೆಯ ಮೆಟ್ಟಿಲನ್ನು ಅವರೂ ತೋರಿಸಿಯಾರು.

ಅಲ್ಲಿ ನಿಂತಾಗ ನನಗೆ ಹೊಳೆದದ್ದು ಇಷ್ಟೇ. ಒಂದು ಸಭೆಯವರು ಈ ಮರಳಿನ ಮೇಲೆ ನೂರಕ್ಕೂ ಹೆಚ್ಚು ಸಲ ಉಪನಿಷತ್ತನ್ನು ಕೇಳಿದ್ದಾರೆ, ಇನ್ನೊಂದು ಸಭೆಯವರು ಬೈಬಲನ್ನು ಕೇಳಿದ್ದಾರೆ. ದೇವರ ವಿಷಯದಲ್ಲಿ ಇಬ್ಬರ ಮಾತೂ ಬೇರೆ ಬೇರೆ ಇರಬಹುದು. ಮರಳಿನ ವಿಷಯದಲ್ಲಿ ಬೇರೆಯಾಗಲು ಸಾಧ್ಯವೇ ಇಲ್ಲ. ಅದು ಹೋದರೆ ಇಬ್ಬರಿಗೂ ಕೂರಲು ಜಾಗವಿಲ್ಲ. ಅದು ಏಕೆ ಹೋಗುತ್ತಿದೆ, ಹೇಗೆ ಉಳಿಸಬಹುದು ಎಂದು ಅಳೆದು ಹೇಳುವ ಕೆಲಸ ವಿಜ್ಞಾನದ್ದು. ಉಳಿಸಬೇಕೆಂಬ ಮನಸ್ಸನ್ನು ಲಕ್ಷ ಜನರಲ್ಲಿ ಮೂಡಿಸುವ ಶಕ್ತಿ ಆ ಚಪ್ಪರಗಳಿಗಿದೆ. ವಿಜ್ಞಾನದ ಮೇಷ್ಟ್ರಿಗೆ ಧರ್ಮಸಭೆಯಲ್ಲಿ ಏನು ಕೆಲಸ ಎಂದರೆ ನಾನು ಇದನ್ನೇ ತೋರಿಸುತ್ತೇನೆ.

ಹುಡುಗನ ಪ್ರಶ್ನೆ

ಹಿಂತಿರುಗುವಾಗ ತ್ರಿಶ್ಶೂರಿನ ಬಳಿ ಹುಡುಗ ಕೇಳಿದ: 'ಮಾವ, ಅಲ್ಲಿ ಹೇಳಿದ್ದೂ ನಿಜ, ಇಲ್ಲಿ ಹೇಳಿದ್ದೂ ನಿಜ ಆಗುವುದು ಹೇಗೆ? ಎರಡರಲ್ಲಿ ಒಂದು ತಪ್ಪಾಗಿರಬೇಕಲ್ಲ?' ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಗಣಿತದ ಮೇಷ್ಟ್ರು ನನ್ನ ಕಡೆ ನೋಡಿದರು.

ನಾನು ಹೇಳಿದೆ: 'ಬ್ರೇಕಿನ ಶಾಖ ಎಷ್ಟು, ಮರಳಿನಲ್ಲಿ ನೀರೆಷ್ಟು ಎಂಬ ಪ್ರಶ್ನೆಗಳಿಗೆ ಅಳತೆಯಿದೆ. ಅಳೆದು ನೋಡಿದರೆ ಒಂದೇ ಉತ್ತರ ಸರಿ, ಅಲ್ಲಿ ಯಾವ ಗುರುಗಳ ಮಾತೂ ಅಳತೆಗಿಂತ ದೊಡ್ಡದಲ್ಲ. ಧರ್ಮಸಭೆಯಲ್ಲಿ ಯಾರಾದರೂ ಅಳೆಯಬಹುದಾದ ವಿಷಯವನ್ನು ಅಳೆಯದೆ ಹೇಳಿದರೆ, ಅವರು ಯಾವ ಧರ್ಮದವರಾದರೂ ಸರಿ, ನೀನು ಪ್ರಶ್ನಿಸಬೇಕು. ಆದರೆ ದುಃಖ ಬಂದಾಗ ಹೇಗೆ ತಡೆದುಕೊಳ್ಳಬೇಕು, ಯಾರನ್ನು ಕ್ಷಮಿಸಬೇಕು, ಯಾವುದಕ್ಕಾಗಿ ಬಾಳಬೇಕು ಎಂಬುದಕ್ಕೆ ಅಳತೆಪಟ್ಟಿ ಇಲ್ಲ. ಅವಕ್ಕೆ ಒಬ್ಬೊಬ್ಬರು ಒಂದೊಂದು ದಾರಿಯಲ್ಲಿ ಉತ್ತರ ಹುಡುಕುತ್ತಾರೆ. ಅಮ್ಮ ಕಲಿಸಿದ ದಾರಿ ನಿನಗಿದೆ. ದೇವರು ಹೀಗೇ ಇದ್ದಾನೆ ಎಂದು ಎರಡು ಕಡೆ ಎರಡು ರೀತಿ ಹೇಳಿದರೆ, ಅದನ್ನು ಕಾರಿನಲ್ಲಿ ಕೂತು ತೀರ್ಮಾನಿಸಿಬಿಡುವ ಶಕ್ತಿ ನನಗಿಲ್ಲ. ನೀನು ದೊಡ್ಡವನಾಗಿ ಯೋಚಿಸು.' ಮೇಷ್ಟ್ರು, 'ಉತ್ತರ ಬರೆಯಲು ಜೀವನವಿಡೀ ಕಾಲಾವಕಾಶ ಇದೆ' ಎಂದು ಸೇರಿಸಿದರು. ಹುಡುಗನಿಗೆ ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ. ಪ್ರಶ್ನೆ ಉಳಿದ ತಲೆ ಬೆಳೆಯುತ್ತದೆ ಎಂದು ನಾನು ಸುಮ್ಮನಾದೆ.

ತಂದೆತಾಯಂದಿರಿಗೆ ಎರಡು ಮಾತು. ಬೇರೆ ಧರ್ಮದವರ ಸಭೆಗೋ ಹಬ್ಬಕ್ಕೋ ಮಕ್ಕಳನ್ನು ಕರೆದೊಯ್ಯುವುದಾದರೆ ಆ ಧರ್ಮದ ಗೆಳೆಯರೊಬ್ಬರ ಜೊತೆ ಹೋಗಿ. ಅರ್ಥವಾಗದ್ದನ್ನು ಅಲ್ಲೇ ಕೇಳಬಹುದು, ತಿಳಿಯದೆ ಯಾರ ಮನಸ್ಸನ್ನೂ ನೋಯಿಸುವ ಪ್ರಮೇಯ ಬರುವುದಿಲ್ಲ. ಜನಸಂದಣಿಯಲ್ಲಿ ಮಗುವಿನ ಜೇಬಿನಲ್ಲಿ ನಿಮ್ಮ ದೂರವಾಣಿ ಸಂಖ್ಯೆ ಬರೆದ ಚೀಟಿ ಇರಲಿ, ತಪ್ಪಿಸಿಕೊಂಡರೆ ಸೇರಬೇಕಾದ ಜಾಗವನ್ನು ಮೊದಲೇ ಗೊತ್ತು ಮಾಡಿ. ಹೋಗುವಾಗ ಮಗುವಿನಿಂದ ಒಂದೇ ಕೆಲಸ ಕೇಳಿ: ಅಲ್ಲಿ ಕೇಳಿದ್ದರಲ್ಲಿ ನಮ್ಮ ಮನೆಯಲ್ಲೂ ಹೇಳುವ ಒಂದು ಮಾತು, ನಮ್ಮಲ್ಲಿ ಹೇಳದ ಒಂದು ಮಾತು ಬರೆದು ತರಲಿ. ನನ್ನ ತಂಗಿಗೆ ಅವಳ ಮಗ ಕೊಟ್ಟ ಚೀಟಿಯಲ್ಲಿ ಏನಿತ್ತೆಂದು ಅವಳು ನನಗೆ ತೋರಿಸಲಿಲ್ಲ. ದೇವರ ಮನೆಯ ಪಂಚಾಂಗದೊಳಗೆ ಮಡಿಸಿ ಇಟ್ಟಿದ್ದಾಳೆ.

ಮಕ್ಕಳಿಗೆ ಈ ವಾರದ ಕೆಲಸ: ಒಂದು ಲೋಟದ ತುಂಬ ಒಣಮರಳು ತುಂಬಿ. ಇನ್ನೊಂದು ಅಳತೆ ಲೋಟದಿಂದ, ನೀರು ಮರಳಿನ ಮೇಲೆ ಕಾಣುವವರೆಗೆ ಮೆಲ್ಲಗೆ ಸುರಿಯಿರಿ. ಎಷ್ಟು ನೀರು ಹಿಡಿಯಿತೆಂದು ಬರೆದುಕೊಳ್ಳಿ. ಆಮೇಲೆ ನಿಮ್ಮೂರಿನ ಹೊಳೆಯ ದಡಕ್ಕೆ ಹಿರಿಯರೊಬ್ಬರ ಜೊತೆ ಹೋಗಿ, ಅವರ ಬಾಲ್ಯದಲ್ಲಿ ಮರಳು ಎಲ್ಲಿಯವರೆಗೆ ಇತ್ತೆಂದು ಕೈ ತೋರಿಸಿ ಹೇಳಲು ಕೇಳಿ. ಅಷ್ಟು ಎತ್ತರವನ್ನು ಹೊಳೆಯ ಉದ್ದಗಲಕ್ಕೆ ಗುಣಿಸಿ. ಮರಳಿನ ಜೊತೆ ಎಷ್ಟು ಲೀಟರ್ ನೀರು ಲಾರಿ ಹತ್ತಿ ಹೋಯಿತೆಂದು ನಿಮಗೇ ಗೊತ್ತಾಗುತ್ತದೆ.